ಫ್ರಿಜ್ಜಿಗೆ ಜಾಗ ಸಿಕ್ಕಿತು, ಗ್ರೈಂಡರ್ ಮರೆತರು: ಒಂದು ಮಾಡ್ಯುಲರ್ ಕಿಚನ್ ಅಂಗಡಿಯ ಪ್ಲಾನ್ ಹೇಗಿತ್ತು

ಅಂಗಡಿಯ ಹೆಸರು ಬರೆಯುತ್ತಿಲ್ಲ. ಹೊಗಳಿಕೆಯಷ್ಟೇ ದೂರೂ ಇದೆ, ಸುಮ್ನೆ ಜಗಳ ಯಾಕೆ? ಮೈಸೂರಿನಲ್ಲಿರುವ ಮಧ್ಯಮ ಗಾತ್ರದ ಒಂದು ಮಾಡ್ಯುಲರ್ ಕಿಚನ್ ಅಂಗಡಿ, ಅಷ್ಟು ಸಾಕು. ನಮ್ಮದು ಕುವೆಂಪುನಗರದ ಹಳೇ ಮನೆ. ಅಡುಗೆಮನೆ 8 ಅಡಿಗೆ 10 ಅಡಿ, ಪಕ್ಕದಲ್ಲಿ ಪುಟ್ಟ ಯುಟಿಲಿಟಿ. ಅಡುಗೆ ಮಾಡುವವರು ನಾನು ಮತ್ತು ಅತ್ತೆ. ಕಪಾಟಿನ ಬಣ್ಣ, ಹಿಡಿಕೆ, ಲ್ಯಾಮಿನೇಟ್ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಯಾವ ಸಾಮಾನು ಎಲ್ಲಿ ಕೂರಬೇಕು ಅಂತ ಅವರು ಹಾಕಿಕೊಟ್ಟ ಪ್ಲಾನ್ ಬಗ್ಗೆ ಮಾತ್ರ ಬರೆಯುತ್ತೇನೆ. ಪ್ಲಾನಿಗೆ 5,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಕೆಲಸವನ್ನೂ ಅವರಿಗೇ ಕೊಟ್ಟರೆ ಕೊನೆಯ ಬಿಲ್ಲಿನಲ್ಲಿ ಕಳೆಯುತ್ತಾರೆ.

ಡಿಸೈನರ್ ಹುಡುಗಿ ಲ್ಯಾಪ್‌ಟಾಪ್ ತೆರೆದ ಕೂಡಲೇ ‘ವರ್ಕ್ ಟ್ರಯಾಂಗಲ್’ ಅಂತ ಶುರು ಮಾಡಿದರು. ಫ್ರಿಜ್, ಸಿಂಕ್, ಒಲೆ ಈ ಮೂರರ ನಡುವೆ ಗೆರೆ ಎಳೆದರೆ ಬರುವ ತ್ರಿಕೋನ ಅದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲೆಕ್ಕ. ಒಂದೊಂದು ಗೆರೆ 4ರಿಂದ 9 ಅಡಿ ಇರಬೇಕು, ಮೂರೂ ಸೇರಿ 26 ಅಡಿ ದಾಟಬಾರದು. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ನಮ್ಮಂಥ ಚಿಕ್ಕ ಅಡುಗೆಮನೆಯಲ್ಲಿ 26 ಅಡಿ ದಾಟುವುದೇ ಕಷ್ಟ. ನಮ್ಮ ತಾಪತ್ರಯ ಬೇರೆ. ಆ ತ್ರಿಕೋನದಲ್ಲಿ ಮಿಕ್ಸಿ ಇಲ್ಲ, ಗ್ರೈಂಡರ್ ಇಲ್ಲ, ನೀರಿನ ಫಿಲ್ಟರ್ ಇಲ್ಲ. ಹುಳಿಗೆ ಕಾಯಿ ರುಬ್ಬದೆ, ದೋಸೆಗೆ ಅಕ್ಕಿ ಉದ್ದು ನೆನೆಹಾಕದೆ ನಮ್ಮ ಕಡೆ ವಾರ ಕಳೆಯುತ್ತಾ?

ಮೊದಲ ಡ್ರಾಯಿಂಗ್ ನೋಡೋಕೆ ಚೆನ್ನಾಗಿತ್ತು. ಮಿಕ್ಸಿಗೆ ಮೂಲೆಯಲ್ಲಿ ಶಟರ್ ಇರುವ ಗೂಡು. ಗ್ರೈಂಡರ್ ಕೇಳಿದ ಮೇಲೆ ಅದಕ್ಕೆ ಕೆಳಗೊಂದು ಎಳೆಯುವ ಟ್ರೇ. ಮೈಕ್ರೋವೇವ್ ಗೋಡೆ ಕಪಾಟಿನ ಸಾಲಿನಲ್ಲಿ, ನೆಲದಿಂದ ಐದಡಿಗೂ ಮೇಲೆ. ಅತ್ತೆಯ ಎತ್ತರವೇ ಐದಡಿ ಇಲ್ಲ. ಅವರು ಚಿತ್ರವನ್ನೇ ನೋಡುತ್ತಾ, “ಚೆನ್ನಾಗಿದೆಯಮ್ಮ, ಆದ್ರೆ ಬಿಸಿ ಸಾರು ನನ್ನ ತಲೆ ಮೇಲೇ ಇಳಿಯುತ್ತಲ್ಲ” ಅಂದರು. ಹುಡುಗಿ ನಕ್ಕು, ಅಲ್ಲೇ ಅದನ್ನು ಕಟ್ಟೆಯ ಮಟ್ಟಕ್ಕೆ ಇಳಿಸಿದರು. ಒಂದು ಮಾತು ಹೇಳಬೇಕು, ಎಷ್ಟು ಬದಲಾವಣೆ ಕೇಳಿದರೂ ಆಕೆ ಮುಖ ಸಿಂಡರಿಸಲಿಲ್ಲ.

ಪ್ಲಾನ್ ನಿಜವಾಗಿ ಸರಿಹೋಗಿದ್ದು ಅಳತೆಗೆ ಬಂದ ಮೇಸ್ತ್ರಿಯಿಂದ. ಟೇಪ್ ಹಿಡಿಯುವ ಮೊದಲೇ, “ಅಮ್ಮಾವ್ರೇ, ಬೆಳಿಗ್ಗೆ ಮಾಡೋ ಹಾಗೆ ಒಂದು ಚಟ್ನಿ ಮಾಡಿ, ನಾನಿಲ್ಲಿ ನಿಂತಿರ್ತೀನಿ” ಅಂದರು. ಅತ್ತೆ ಫ್ರಿಜ್ಜಿನಿಂದ ಕಾಯಿ ತೆಗೆದು, ಹುರಿಗಡಲೆ ಹಾಕಿ, ಹಳೇ ಕಟ್ಟೆಯ ಆ ತುದಿಗೆ ಹೋಗಿ ರುಬ್ಬಿದರು. ಚಟ್ನಿ ಬಗ್ಗಿಸಿ, ಜಾರಿಗೆ ಒಂದಿಷ್ಟು ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನೂ ಚಟ್ನಿಗೇ ಸುರಿದರು. ಆಮೇಲೆ ಒಗ್ಗರಣೆಗೆ ಒಲೆ ಕಡೆ ಬಂದರು. ಮೇಸ್ತ್ರಿ ಟೈಲ್ಸ್ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಲೇ ಇದ್ದರು. “ನೀರು ಬೇಕು, ಒಗ್ಗರಣೆ ಬೇಕು. ಮಿಕ್ಸಿ ಸಿಂಕಿಗೂ ಒಲೆಗೂ ಮಧ್ಯ ಇರ್ಲಿ, ಮೂಲೆ ಗೂಡು ಬೇಡ” ಅಂದರು. ಆ ಗೂಡಿನ ಶಟರ್ ಇಳಿಸಿಟ್ಟರೆ ಮೋಟರಿನ ಬಿಸಿ ಹೋಗುವುದಕ್ಕೂ ಜಾಗ ಇರುವುದಿಲ್ಲ. ಈಗ ಪೂರ್ವದ ಗೋಡೆಗೆ ಒಲೆ, ಉತ್ತರದ ಗೋಡೆಗೆ ಸಿಂಕು, ನಡುವೆ ಮೂರಡಿಗಿಂತ ಜಾಸ್ತಿ ಖಾಲಿ ಕಟ್ಟೆ. ಮಿಕ್ಸಿ ಅಲ್ಲಿ. ವೈರು ಗಿಡ್ಡ ಇರುತ್ತಲ್ಲ, ಪ್ಲಗ್ ಪಾಯಿಂಟ್ ಅದರ ಹಿಂದೆಯೇ ಇದೆ. ನಲ್ಲಿಯ ನೀರು ಸಿಡಿಯದಷ್ಟು ದೂರದಲ್ಲೂ ಇದೆ. ಒಲೆ ಆಗ್ನೇಯದಲ್ಲೇ ಉಳಿಯಿತು ಅಂತ ಅತ್ತೆಗೂ ಸಮಾಧಾನ. ನನಗೆ ವಾಸ್ತು ಅಷ್ಟಕ್ಕಷ್ಟೇ. ಆದರೆ ಒಲೆ ಪಕ್ಕದಲ್ಲೇ ಸಿಂಕ್ ಬೇಡ ಅನ್ನುವುದನ್ನು ಕಾದ ಎಣ್ಣೆಗೆ ನೀರು ಬಿದ್ದಾಗ ನೋಡಿದವರು ಯಾರೂ ಅಲ್ಲಗಳೆಯಲ್ಲ.

ಗ್ರೈಂಡರ್ ವಿಷಯದಲ್ಲೂ ಮೇಸ್ತ್ರಿಯೇ ಗೆದ್ದರು. ನಮ್ಮದು ಎರಡು ಲೀಟರಿನ ಟೇಬಲ್ ಟಾಪ್. ಕಲ್ಲಿನ ಸಮೇತ ಹತ್ತು ಕೆ.ಜಿ. ಮೇಲೆಯೇ ಇದೆ. ಎಳೆಯುವ ಟ್ರೇಯಲ್ಲಿಟ್ಟರೆ ತಿರುಗುವಾಗ ಟ್ರೇ ಜಾರುವ ಚಾನೆಲ್ಲೂ ಅಲುಗುತ್ತದೆ, ಹೊರಗೆತ್ತಿ ಇಡಲು ಸೊಂಟವೂ ಬೇಕು. ಕಟ್ಟೆ ಮೇಲಿಟ್ಟರೆ? ಕಟ್ಟೆಯೇ 33 ಇಂಚು, ಗ್ರೈಂಡರ್ ಒಂದಡಿಗೂ ಜಾಸ್ತಿ. ಅತ್ತೆ ಎದೆ ಮಟ್ಟದಲ್ಲಿ ಕೈ ಎತ್ತಿ ಹಿಟ್ಟು ಬಳಿಯಬೇಕು. ಅದಕ್ಕೆ ಯುಟಿಲಿಟಿ ಬಾಗಿಲ ಪಕ್ಕ 18 ಇಂಚು ಎತ್ತರದ ಒಂದು ಗ್ರಾನೈಟ್ ಕಟ್ಟೆ ಹಾಕಿಸಿದರು. ಗ್ರೈಂಡರ್ ಅಲ್ಲಿಂದ ಕದಲುವುದೇ ಇಲ್ಲ. ಪಾತ್ರೆ ಮಾತ್ರ ಬಿಚ್ಚಿ ಯುಟಿಲಿಟಿಯಲ್ಲಿ ತೊಳೆದರಾಯಿತು. ಇಡೀ ಅಡುಗೆಮನೆಯಲ್ಲಿ ನನಗೆ ಇಷ್ಟವಾದ ಜಾಗ ಇದೇ. ಬಂದವರು ನೋಡುವುದು ಮಾತ್ರ ಚಿಮಣಿಯನ್ನು.

ಫ್ರಿಜ್ ಬಗ್ಗೆ ಡಿಸೈನರ್ ಹೇಳಿದ್ದು ಒಳ್ಳೇ ಮಾತು. ಬಾಗಿಲಿನ ಕೀಲಿರುವ ಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ತರಕಾರಿ ಟ್ರೇ ಎಳೆದರೆ ಬಾಗಿಲಿಗೇ ತಗಲುತ್ತದೆ. ಅದಕ್ಕೆ ಗೋಡೆಗೂ ಫ್ರಿಜ್ಜಿಗೂ ನಡುವೆ 4 ಇಂಚಿನ ಪಟ್ಟಿ ಕೊಟ್ಟರು. ಮೈಕ್ರೋವೇವ್‌ಗೆ 16 ಆಂಪಿಯರ್ ಪ್ಲಗ್, ಅದಕ್ಕೆ ಬೇರೆಯೇ ತಂತಿ. ಮಿಕ್ಸಿ, ಫಿಲ್ಟರ್, ಚಿಮಣಿಗೆ 6 ಆಂಪಿಯರ್ ಸಾಕು. ಪಾಯಿಂಟ್‌ಗಳ ಈ ಪಟ್ಟಿಯನ್ನು ಗೋಡೆ ಕೊರೆಯುವ ಮೊದಲೇ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟಿದ್ದರಿಂದ ಎಕ್ಸ್‌ಟೆನ್ಷನ್ ಬೋರ್ಡಿನ ಸಹವಾಸ ತಪ್ಪಿತು.

ಈಗ ದೂರು. ಸಿಲಿಂಡರನ್ನು ಒಲೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ತೋರಿಸಿದ್ದರು, ಗಾಳಿ ಆಡಲು ಒಂದು ಕಿಂಡಿಯೂ ಇಲ್ಲದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಶೇಖರ ಆಗುತ್ತದೆ. ಅಡುಗೆಮನೆ ಮಾಡುವುದನ್ನೇ ಕಸುಬು ಮಾಡಿಕೊಂಡವರಿಗೆ ಇದನ್ನು ನಾವು ಹೇಳಿಕೊಡಬೇಕಾ? ಕೊನೆಗೆ ಸಿಲಿಂಡರ್ ಯುಟಿಲಿಟಿಗೆ ಹೋಯಿತು. ಗ್ಯಾಸಿನ ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗೆ ತೂರಿಸಲೂಬಾರದು. ಹಾಗಾಗಿ ತಾಮ್ರದ ಪೈಪು ಹಾಕಿಸಬೇಕಾಯಿತು. ಅವರ ಅಂದಾಜಿನಲ್ಲಿ ಈ ಖರ್ಚು ಇರಲೇ ಇಲ್ಲ. ಚಿಮಣಿಯದೂ ಇದೇ ಕಥೆ. ಚಿತ್ರದಲ್ಲಿ ಪೈಪು ನೆಟ್ಟಗೆ ಆಚೆ ಹೋಗುತ್ತಿತ್ತು. ಗೋಡೆಯಲ್ಲಿ ಅದೇ ಜಾಗಕ್ಕೆ ಬೀಮ್! ಈಗ ಪೈಪಿಗೆ ಎರಡು ತಿರುವು. ತಿರುವು ಹೆಚ್ಚಾದಷ್ಟೂ ಹೊಗೆ ಎಳೆಯುವ ಜೋರು ಕಡಿಮೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಹಾಲಿನಲ್ಲಿ ಕೂತವರೂ ಕೆಮ್ಮುತ್ತಾರೆ. ಕೆಲಸ ಮುಗಿಸಿದ್ದೂ ಹೇಳಿದ ದಿನಕ್ಕಲ್ಲ.

ಇಷ್ಟಾದರೂ ಪ್ಲಾನಿನ ದುಡ್ಡು ದಂಡ ಆಯಿತು ಅನ್ನಲಾರೆ. ಇಂಥ ಅಂಗಡಿಗೆ ಹೋಗುವುದಾದರೆ ನಿಮ್ಮ ಮಿಕ್ಸಿ, ಗ್ರೈಂಡರ್, ಫಿಲ್ಟರ್, ಕುಕ್ಕರುಗಳ ಅಳತೆ ಬರೆದುಕೊಂಡು ಹೋಗಿ. ಅವರ ಸಾಫ್ಟ್‌ವೇರಿನಲ್ಲಿ ಫ್ರಿಜ್ ಇರುತ್ತದೆ, ಗ್ರೈಂಡರ್ ಇರುವುದಿಲ್ಲ. 3ಡಿ ಚಿತ್ರಕ್ಕೆ ಸಹಿ ಹಾಕುವ ಮೊದಲು ಮೇಸ್ತ್ರಿಯನ್ನು ಮನೆಗೆ ಕಳಿಸಿ ಅಂತ ಹಟ ಹಿಡಿಯಿರಿ. ನಮ್ಮ ಅಂಗಡಿಯಲ್ಲಿ ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಕೇಳಿದರೂ ಕೊಡುತ್ತಿದ್ದೆ.