‘ಮಾತ್ರೆ ಬಿಡಿ, ಊಟದಿಂದಲೇ ಮಗು ಆಗುತ್ತೆ’ ಅಂದವರನ್ನು ನಂಬಿ ಕಳೆದುಕೊಂಡ 14 ತಿಂಗಳು

ಕಳೆದ ಶನಿವಾರ ರಾತ್ರಿ ಹತ್ತೂವರೆಗೆ ಒಂದು ಹುಡುಗಿ ಫೋನ್ ಮಾಡಿದ್ದಳು. ಹಿಂದೆ ನಾನಿದ್ದ ಡಯಟ್ ಗುಂಪಿನಲ್ಲಿ ಈಗಲೂ ಇರುವವಳು. ದಾವಣಗೆರೆ ಕಡೆಯವಳು, ಮದುವೆಯಾಗಿ ಎರಡು ವರ್ಷ. ಒಬ್ಬರ ಮುಖ ಒಬ್ಬರು ನೋಡಿಲ್ಲ. “ಅಕ್ಕಾ, ಮೆಟ್‌ಫಾರ್ಮಿನ್ ಬಿಟ್ಟಾಯ್ತು. ಈಗ ಫೋಲಿಕ್ ಆಸಿಡ್ಡೂ ಕೆಮಿಕಲ್ಲೇ, ಅದನ್ನೂ ನಿಲ್ಸಿ ಅಂತಿದ್ದಾರೆ. ನೀವೂ ನಿಲ್ಸಿದ್ರಲ್ಲ, ಏನಾಯ್ತು?” ಎಂದಳು. ಏನಾಯ್ತು ಎಂಬುದನ್ನು ಅವಳೊಬ್ಬಳಿಗೆ ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನಾನಿದ್ದಾಗಲೇ ಆ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೀಗ 32. ಹಾಸನದಲ್ಲಿದ್ದೇವೆ. ಕಾಲೇಜಿನ ದಿನಗಳಿಂದಲೂ ನನಗೆ ಡೇಟ್ ಸರಿಯಾಗಿ ಆಗುತ್ತಿರಲಿಲ್ಲ. ಒಮ್ಮೆ ನಲವತ್ತು ದಿನ, ಒಮ್ಮೆ ಎಪ್ಪತ್ತು. ಗಲ್ಲದ ಮೇಲೆ ಕೂದಲು, ಕುತ್ತಿಗೆ ಹಿಂದೆ ಕಪ್ಪು. ಮದುವೆಯಾದ ಮೇಲೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎಂದರು. ‘ಅಂಡಾಶಯದಲ್ಲಿ ನೀರುಗುಳ್ಳೆ’ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅವು ನಿಜಕ್ಕೂ ಗುಳ್ಳೆಗಳಲ್ಲ, ಅಂಡಾಣು ಬೆಳೆಯುವ ಪುಟ್ಟ ಚೀಲಗಳು (ಫಾಲಿಕಲ್), ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತವು ಎಂದು ಆ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದರು. ಒಂದು ಚೀಟಿ ಬರೆದುಕೊಟ್ಟರು. ಇನ್ಸುಲಿನ್ ಹತೋಟಿಗೆ ಮೆಟ್‌ಫಾರ್ಮಿನ್, ಫೋಲಿಕ್ ಆಸಿಡ್, ಮುಟ್ಟು ಬರಿಸಲು ಐದು ದಿನದ ಹಾರ್ಮೋನು ಮಾತ್ರೆ. ತೂಕ 74 ಇತ್ತು, ನಾಲ್ಕೈದು ಕೆಜಿ ಇಳಿಸಿ ಎಂದರು. ಚೀಟಿಯ ಕೊನೆಯಲ್ಲಿ ನಮ್ಮನೆಯವರ ವೀರ್ಯ ಪರೀಕ್ಷೆಯೂ ಇತ್ತು.

ಆ ಚೀಟಿಯಲ್ಲಿ ಬೇಕಾದ್ದೆಲ್ಲ ಇತ್ತು ಎಂದು ಈಗ ಗೊತ್ತಾಗುತ್ತಿದೆ. ಆಗ ನನಗೆ ಕೇಳಿಸುತ್ತಿದ್ದುದು ಬೇರೆಯೇ. ಯಾವ ನಾಮಕರಣಕ್ಕೆ, ಯಾವ ಗೃಹಪ್ರವೇಶಕ್ಕೆ ಹೋದರೂ “ಏನಮ್ಮಾ, ಏನಾದ್ರೂ ವಿಶೇಷ ಉಂಟಾ?” ಅನ್ನುವ ಮಾತು. ಸೀಮಂತಕ್ಕೆ ಕರೆದರೆ ಆರತಿ ತಟ್ಟೆ ನನ್ನ ಕೈಗೆ ಬರದಂತೆ ನೋಡಿಕೊಳ್ಳುತ್ತಿದ್ದ ದೊಡ್ಡವರು. ಅಂಥ ಒಂದು ದಿನದ ರಾತ್ರಿ ಮೊಬೈಲಿನಲ್ಲಿ ಆ ವಿಡಿಯೊ ಕಣ್ಣಿಗೆ ಬಿತ್ತು. ‘90 ದಿನದಲ್ಲಿ ಪಿಸಿಒಎಸ್ ಬುಡಸಮೇತ ವಾಸಿ, ಒಂದೂ ಮಾತ್ರೆ ಇಲ್ಲದೆ.’ ಮಾತಾಡುತ್ತಿದ್ದಾಕೆ ನಮ್ಮ ಭಾಷೆಯವರೇ. “ನಿಮ್ಮ ತಪ್ಪಲ್ಲ ಕಣಮ್ಮ” ಎಂದರು. ಆ ಒಂದು ಮಾತಿಗೆ ನಾನು ಅತ್ತುಬಿಟ್ಟೆ. 18,500 ರೂಪಾಯಿ ಕಟ್ಟಿದೆ.

ಮೊದಲ ದಿನವೇ ಪಟ್ಟಿ ಬಂತು. ಅನ್ನ ಇಲ್ಲ, ಗೋಧಿ ಇಲ್ಲ, ಹಾಲು ಮೊಸರು ಮಜ್ಜಿಗೆ ಇಲ್ಲ, ಬಾಳೆಹಣ್ಣು ಮಾವಿನಹಣ್ಣು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಸೊಪ್ಪಿನ ರಸ, ಮಧ್ಯಾಹ್ನ ತರಕಾರಿ ಜತೆ ಒಂದು ಹಿಡಿ ಕಾಳು, ಸಂಜೆ ಆರಕ್ಕೆ ಅವರದೇ ಪುಡಿ ಕಲಸಿದ ನೀರು. ಆಮೇಲೆ ಮಾರನೆಯ ದಿನ ಹತ್ತರವರೆಗೆ ಉಪವಾಸ. ಪುಡಿಗೆ ತಿಂಗಳಿಗೆ 2,200 ರೂಪಾಯಿ ಬೇರೆ. ಡಬ್ಬಿಯ ಮೇಲೆ ‘ಗಿಡಮೂಲಿಕೆಗಳು’ ಎಂದಿತ್ತೇ ಹೊರತು ಯಾವುದು ಎಷ್ಟು ಎಂಬುದಿರಲಿಲ್ಲ.

ಒಂಬತ್ತನೇ ದಿನಕ್ಕೆ ನನಗೆ ಮುಟ್ಟು ಬಂತು.

ಮೋಸ ಶುರುವಾದದ್ದು ಇಲ್ಲಿಂದಲೇ. ಗುಂಪಿನಲ್ಲಿ ಹೂವಿನ ಚಿತ್ರಗಳ ಸುರಿಮಳೆ. “ನೋಡಿ, ಒಂಬತ್ತೇ ದಿನ!” ಎಂದು ನನ್ನ ಸಂದೇಶವನ್ನೇ ಅವರು ಹೊಸಬರಿಗೆ ತೋರಿಸಿದರು. ಅದನ್ನು ನೋಡಿ ಎಷ್ಟು ಜನ ದುಡ್ಡು ಕಟ್ಟಿದರೋ ಎಂದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಏಕೆಂದರೆ ಗುಂಪು ಸೇರಿದ ವಾರದಲ್ಲೇ ನಾನು ಡಾಕ್ಟರಮ್ಮ ಕೊಟ್ಟ ಐದು ದಿನದ ಮಾತ್ರೆ ಮುಗಿಸಿದ್ದೆ. ಆ ಹಾರ್ಮೋನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುವುದು ಸಾಮಾನ್ಯ, ಅದು ಆ ಮಾತ್ರೆಯ ಕೆಲಸ. ಡಯಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕಿಂತ ದೊಡ್ಡ ಮಾತು: ರಕ್ತ ಹೋಯಿತು ಎಂದ ಮಾತ್ರಕ್ಕೆ ಅಂಡಾಣು ಬಿಡುಗಡೆಯಾಗಿದೆ ಎಂದಲ್ಲ. ಮಗುವಿಗೆ ಬೇಕಿರುವುದು ಅಂಡಾಣು. ಅದು ಬಿಟ್ಟಿತೇ ಇಲ್ಲವೇ ಎಂದು ತಿಳಿಯಲು ಸ್ಕ್ಯಾನಿಂಗ್ ಇದೆ, ಸರಿಯಾದ ದಿನ ನೋಡಿ ಮಾಡುವ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಇದೆ. ಹದಿನಾಲ್ಕು ತಿಂಗಳಲ್ಲಿ ಎರಡರಲ್ಲಿ ಒಂದನ್ನೂ ಮಾಡಿಸಿಕೊಳ್ಳಿ ಎಂದು ಅವರು ಹೇಳಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಡೋತ್ಪತ್ತಿಯ ಪಟ್ಟಿ ತಂದು ನೋಡಿ ಎಂದರು. ಅದರಲ್ಲಿ ವಾರಗಟ್ಟಲೆ ಎರಡು ಗೆರೆ ಬರುತ್ತಿತ್ತು, ಕುಣಿದಾಡಿದೆ. ಆ ಪಟ್ಟಿ ಅಳೆಯುವುದು ಅಂಡಾಣು ಬಿಡಿಸುವ ಎಲ್‌ಎಚ್ ಹಾರ್ಮೋನನ್ನು, ಪಿಸಿಒಎಸ್ ಇರುವವರಲ್ಲಿ ಅದು ಮೊದಲೇ ಮೇಲಿರುವುದು ಸಾಮಾನ್ಯ. ಹಾಗಾಗಿ ಆ ಪಟ್ಟಿ ಎಷ್ಟೋ ಸಲ ಸುಳ್ಳೇ ಹೇಳುತ್ತದೆ.

ಎರಡನೇ ತಿಂಗಳ ಕೊನೆಗೆ ನಾಲ್ಕು ಕೆಜಿ ಇಳಿದಿದ್ದೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ದೇಹಕ್ಕೆ ಬೇಕಿದ್ದದ್ದು ಸುಮಾರು ಅಷ್ಟೇ ಆಗಿತ್ತು. ತೂಕ ಹೆಚ್ಚಿರುವವರು ತಮ್ಮ ತೂಕದ ಶೇ 5ರಿಂದ 10ರಷ್ಟು ಇಳಿಸಿದರೂ ಅಂಡೋತ್ಪತ್ತಿ ಮರಳುವ ಸಾಧ್ಯತೆ ಹೆಚ್ಚುತ್ತದೆ. 74ಕ್ಕೆ ಶೇ 5 ಎಂದರೆ ನಾಲ್ಕು ಕೆಜಿಯೂ ಆಗದು. ಆ ಹೊತ್ತಿಗೆ ಡಾಕ್ಟರ ಹತ್ತಿರ ವಾಪಸು ಹೋಗಿದ್ದರೆ ಚಿಕಿತ್ಸೆ ಆಗಲೇ ಶುರುವಾಗುತ್ತಿತ್ತು. ನಾನು ಹೋಗಲಿಲ್ಲ. 90 ದಿನ ಮುಗಿದಾಗ “ಇನ್ನು ಸ್ವಲ್ಪವೇ ಬಾಕಿ” ಎಂದರು, ಮತ್ತೆ ದುಡ್ಡು ಕಟ್ಟಿದೆ. ಮೂರು ಸಲ ಹೀಗೇ ಮುಂದುವರಿಸಿದೆ. ಉಪವಾಸ 20 ಗಂಟೆಗೆ ಏರಿತು, ತೂಕ 61ಕ್ಕೆ ಬಂತು.

ಕೂದಲು ಬಾಚಣಿಗೆಯಲ್ಲಿ ಗೊಂಚಲು ಗೊಂಚಲಾಗಿ ಬರತೊಡಗಿತು. ಕೇಳಿದರೆ “ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ.” ಮೆಟ್ಟಿಲು ಹತ್ತಿದರೆ ಏದುಸಿರು. “ದೇಹ ಹೊಂದ್ಕೋತಿದೆ.” ಒಂದು ಭಾನುವಾರ ಒಲೆ ಮುಂದೆ ಕಣ್ಣು ಕತ್ತಲಿಟ್ಟು ಕುಸಿದೆ, ಕುದಿಯುವ ಸಾರಿನ ಪಾತ್ರೆ ಒಂದು ಗೇಣು ದೂರದಲ್ಲಿತ್ತು. ಅತ್ತೆ ಬಂದು ತಲೆ ಎತ್ತಿ ಹಿಡಿದುಕೊಂಡು, “ಮಗು ಆಮೇಲಮ್ಮ, ಮೊದ್ಲು ನೀನು ಒಂದು ತುತ್ತು ಅನ್ನ ತಿನ್ನು” ಎಂದರು. ಅವರನ್ನು ನಾನು ಎಷ್ಟೋ ದಿನ ಶತ್ರುವಿನ ಹಾಗೆ ನೋಡಿದ್ದೆ. ಆ ದಿನವೂ ತಿನ್ನಲಿಲ್ಲ. ಗುಂಪಿನಲ್ಲಿ ತಟ್ಟೆಯ ಫೋಟೊ ಹಾಕಬೇಕಿತ್ತು. ಹಾಕದವರ ಹೆಸರು ಹಿಡಿದು “ನಿಮಗೆ ಮಗು ಬೇಕೋ, ಇಡ್ಲಿ ಬೇಕೋ?” ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಂಡ ಹೆಂಗಸು ಆಮೇಲೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಮಧ್ಯೆ ಒಮ್ಮೆ ಒಬ್ಬರು ತಮ್ಮ ಡಾಕ್ಟರು ಅಂಡೋತ್ಪತ್ತಿಗೆಂದು ಲೆಟ್ರೊಜೋಲ್ ಎಂಬ ಮಾತ್ರೆ ಬರೆದಿದ್ದಾರೆ ಎಂದರು. ಕೂಡಲೇ ಗುಂಪಿನಲ್ಲಿ ಹಳೇ ಸುದ್ದಿಯ ತುಣುಕು ಬಂತು: ‘ಭಾರತದಲ್ಲಿ ನಿಷೇಧಿಸಿದ ಕ್ಯಾನ್ಸರ್ ಮಾತ್ರೆ.’ ಅದನ್ನು ಓದಿ ನಾನೂ ಹೆದರಿದೆ. ಸುದ್ದಿ ಸುಳ್ಳಲ್ಲ, ಅರ್ಧ ಮಾತ್ರ. ಬಂಜೆತನದ ಚಿಕಿತ್ಸೆಗೆ ಲೆಟ್ರೊಜೋಲ್ ಬಳಸುವುದನ್ನು ನಮ್ಮ ಸರ್ಕಾರ 2011ರಲ್ಲಿ ನಿಷೇಧಿಸಿದ್ದು ಹೌದು, 2017ರಲ್ಲಿ ಆ ನಿಷೇಧ ತೆಗೆದದ್ದೂ ಹೌದು. ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆ ಹೌದು, ಅಂಡೋತ್ಪತ್ತಿಗೆ ಕೊಡುವುದು ತಿಂಗಳಲ್ಲಿ ಐದೇ ದಿನ. ಪಿಸಿಒಎಸ್ ಇರುವ 750 ಹೆಂಗಸರ ಮೇಲೆ ಅಮೆರಿಕದಲ್ಲಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ 27.5ರಷ್ಟು ಮಂದಿಗೆ ಮಗುವಾಯಿತು, ಇದೇ ಕೆಲಸದ ಹಳೆಯ ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಶೇ 19.1. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿಯಲ್ಲೂ ಅಂಡೋತ್ಪತ್ತಿಗೆ ಮೊದಲು ಕೊಡಬೇಕಾದ ಔಷಧಿ ಎಂದು ಅದೇ ಇದೆ. ಆ ಹೆಂಗಸು ಮಾತ್ರೆ ತೆಗೆದುಕೊಂಡರೋ, ನನ್ನ ಹಾಗೆ ಹೆದರಿ ಬಿಟ್ಟರೋ, ಗೊತ್ತಾಗಲಿಲ್ಲ.

ಒಂಬತ್ತನೇ ತಿಂಗಳಿಂದ ಮುಟ್ಟು ಪೂರ್ತಿ ನಿಂತಿತು. ಐದು ತಿಂಗಳು. ಮೊದಲು ಗರ್ಭಿಣಿಯಿರಬಹುದು ಎಂಬ ಆಸೆ, ಮನೆಯಲ್ಲೇ ಪರೀಕ್ಷೆ ಮಾಡಿಕೊಂಡೆ, ಒಂದೇ ಗೆರೆ. ಮತ್ತೆ, ಮತ್ತೆ. ಕೊನೆಗೆ ಅಮ್ಮ ಬಂದವರು ನನ್ನ ಮಾತಿಗೆ ಕಾಯದೆ ಆಟೊ ಕರೆದು ಮೊದಲಿನ ಡಾಕ್ಟರ ಹತ್ತಿರವೇ ಕರೆದೊಯ್ದರು. ಹಿಮೋಗ್ಲೋಬಿನ್ 9.2. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 8. ಎರಡೂ ತೀರಾ ಕಡಿಮೆ. ಬಿ12 ಲ್ಯಾಬಿನವರ ಕನಿಷ್ಠ ಗೆರೆಗಿಂತ ಎಷ್ಟೋ ಕೆಳಗೆ. ಸಸ್ಯಾಹಾರಿಯಾದ ನನಗೆ ಬಿ12 ಬರುತ್ತಿದ್ದುದೇ ಹಾಲು ಮೊಸರಿನಿಂದ, ಅದನ್ನೇ ಕಿತ್ತುಹಾಕಿದ್ದರು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಮೂರು ತಿಂಗಳು ಮುಟ್ಟಿಲ್ಲದಿದ್ದರೆ ಸುಮ್ಮನೆ ಕೂರಬಾರದು, ಪದರ ಬೆಳೆಯುತ್ತಲೇ ಹೋಗುವುದು ಅಪಾಯ, ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು ಎಂದು ಡಾಕ್ಟರು ಹೇಳಿದಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮಾತ್ರೆ ಕೊಟ್ಟು ಮುಟ್ಟು ಬರಿಸಿದರು. ಒಂಬತ್ತು ದಿನ ರಕ್ತ ಹೋಯಿತು, ಮೊದಲೇ ರಕ್ತವಿಲ್ಲದ ಮೈ.

ಡಾಕ್ಟರು ಬೈಯಲಿಲ್ಲ. ಹಳೇ ಚೀಟಿ ನೋಡಿ, “ಯಜಮಾನರ ಪರೀಕ್ಷೆ ಆಯ್ತಾ?” ಎಂದರು.

ಆಗಿರಲಿಲ್ಲ. “ಸಮಸ್ಯೆ ನಿಮ್ಮದು ಅಂತ ಗೊತ್ತಾಗಿದೆಯಲ್ಲ, ಅವರನ್ನ್ಯಾಕೆ ಎಳೀತೀರಿ” ಎಂದಿದ್ದರು ಡಯಟ್ಟಿನವರು. ಮನೆಯಲ್ಲೂ ಅದು ಎಲ್ಲರಿಗೂ ಅನುಕೂಲವಾಗಿತ್ತು. ಸಾವಿರ ರೂಪಾಯಿಯೊಳಗೆ ಆಗುವ ಪರೀಕ್ಷೆ. ಮಾಡಿಸಿದಾಗ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಇರಬೇಕಾದ್ದಕ್ಕಿಂತ ಕಡಿಮೆ ಎಂದು ಬಂತು. ಅವರು ಆ ಕಾಗದ ಹಿಡಿದು ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. “ನೀನು ಉಪವಾಸ ಬಿದ್ದಿದ್ದು ನಂಗೋಸ್ಕರನೂ ಆಗಿತ್ತಲ್ಲೇ” ಎಂದರು. ಆ ದಿನವೇ ಸಿಗರೇಟು ಬಿಟ್ಟರು. ಹೊಸ ವೀರ್ಯಾಣು ತಯಾರಾಗಿ ಬರಲು ಎರಡೂವರೆ ಮೂರು ತಿಂಗಳು ಬೇಕಂತೆ. ನಾವು ಕಳೆದ ಹದಿನಾಲ್ಕು ತಿಂಗಳಲ್ಲಿ ಅದಕ್ಕೆ ನಾಲ್ಕು ಅವಕಾಶಗಳಿದ್ದವು.

ಊಟದ ಮೇಲೆ ನನಗೆ ಕೋಪವಿಲ್ಲ, ಅದನ್ನು ಹೇಳಿಬಿಡುತ್ತೇನೆ. ಪಿಸಿಒಎಸ್‌ಗೆ ಊಟ ಮುಖ್ಯ, ಇನ್ಸುಲಿನ್ ಹತೋಟಿಗೆ ಬರಲು ಅದು ಬೇಕೇ ಬೇಕು. ಆದರೆ ಇಂಥದ್ದೇ ಡಯಟ್ ಉಳಿದವುಗಳಿಗಿಂತ ಮೇಲು ಎನ್ನಲು ಆಧಾರವಿಲ್ಲ ಎಂದು ಅದೇ 2023ರ ಮಾರ್ಗಸೂಚಿ ಹೇಳುತ್ತದೆ. ಬಹಳ ಕಡಿಮೆ ತಿಂದರೆ ಮಿದುಳೇ ಅಂಡಾಶಯಕ್ಕೆ ಕೊಡುವ ಸೂಚನೆಯನ್ನು ತಗ್ಗಿಸಿಬಿಡುತ್ತದೆ, ಬರಗಾಲದಲ್ಲಿ ಬಸಿರು ಬೇಡ ಎನ್ನುವ ಹಾಗೆ. ಈಗ ಆಸ್ಪತ್ರೆಯ ಡಯಟಿಷಿಯನ್ ನನ್ನ ಜತೆ ಕೂತು ನಮ್ಮನೆ ಅಡುಗೆಯನ್ನೇ ಕೇಳಿ ಬರೆದುಕೊಟ್ಟಿದ್ದಾರೆ. ಮಧ್ಯಾಹ್ನ ಒಂದು ಚಿಕ್ಕ ಮುದ್ದೆ, ಜತೆಗೆ ಧಾರಾಳ ಹುರುಳಿಕಾಳಿನ ಸಾರು ಅಥವಾ ಬಸ್ಸಾರು, ಅದರ ಪಲ್ಯ, ಒಂದು ಲೋಟ ಮಜ್ಜಿಗೆ. ರಾತ್ರಿ ಒಂದು ಹಿಡಿ ಅನ್ನ, ಅದಕ್ಕಿಂತ ಹೆಚ್ಚು ಹೆಸರುಬೇಳೆ ಕೋಸಂಬರಿ. ರಾಗಿ ಎಂದರೆ ಎಷ್ಟು ಬೇಕಾದರೂ ಕುಡಿಯಬಹುದು ಎಂದುಕೊಂಡಿದ್ದೆ. ತೆಳ್ಳಗೆ ಗಂಜಿ ಮಾಡಿ ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ, ಕಾಳು ಸೊಪ್ಪಿನ ಜತೆ ಮುದ್ದೆಯಾಗಿ ಉಣ್ಣುವುದೇ ವಾಸಿ ಎಂದರು. ದಿನಾ ನಲವತ್ತು ನಿಮಿಷ ನಡಿಗೆ. ಇದಕ್ಕೆ ಆಗಿದ್ದು 300 ರೂಪಾಯಿ.

ಫೋಲಿಕ್ ಆಸಿಡ್ ವಿಷಯ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳಬೇಕು. ಹೆಚ್ಚಿನವರಿಗೆ ಆ ಹೊತ್ತಿಗೆ ಬಸಿರೆಂದೇ ಗೊತ್ತಿರುವುದಿಲ್ಲ. ನಮ್ಮಂಥ ಡೇಟ್ ತಪ್ಪುವವರಿಗಂತೂ ಇನ್ನೂ ತಡ. ಅದಕ್ಕೇ ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು, ಕೆಲವರಿಗೆ ಡಾಕ್ಟರು ಹೆಚ್ಚು ಬರೆಯುತ್ತಾರೆ. ಸೊಪ್ಪು ತಿಂದರೆ ಸಾಲದೇ ಎಂದರೆ, ಸಾಲದು. ಮಗು ಬೇಕೆಂದು ಕಾಯುತ್ತಿರುವ ಹೆಂಗಸಿಗೆ ಇದನ್ನು ನಿಲ್ಲಿಸಿ ಎನ್ನುವವರಿಗೆ ಈ ವಿಷಯದ ಗಂಧವೇ ಇಲ್ಲ. ಅಂಥವರ ಮುಂದೆ ಇನ್ನೊಂದು ಕ್ಷಣವೂ ಕೂರಬೇಡಿ. ಮೆಟ್‌ಫಾರ್ಮಿನ್ನೂ ಹಾಗೇ, ಬಿಡುವುದಿದ್ದರೆ ಬರೆದವರನ್ನು ಕೇಳಿ ಬಿಡಿ.

ದುಡ್ಡು ವಾಪಸು ಕೇಳಿದೆ. “ನೀವು ನಿಯತ್ತಾಗಿ ಮಾಡಿಲ್ಲ” ಎಂದು ಉತ್ತರ ಬಂತು, ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಮುಟ್ಟಿನ ದೋಷ ಸರಿಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಇವರು ಪುಡಿಯನ್ನು ‘ಆಹಾರ’ ಎಂದು ಕರೆದು ಮಾರುತ್ತಾರೆ. ಆದರೂ ರಸೀದಿ, ಪುಡಿ ಡಬ್ಬಿಯ ಫೋಟೊ, ವಾಟ್ಸಾಪ್ ಮಾತುಕತೆ ಎಲ್ಲ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವೂ ದುಡ್ಡು ಕಟ್ಟಿದ್ದರೆ ಆ ಚಾಟ್ ಅಳಿಸಬೇಡಿ.

ದಾವಣಗೆರೆಯ ಹುಡುಗಿ ಆ ರಾತ್ರಿಯೇ ಫೋಲಿಕ್ ಆಸಿಡ್ ಮಾತ್ರೆ ನುಂಗಿ ಸಂದೇಶ ಕಳಿಸಿದಳು. ಸೋಮವಾರ ಗಂಡನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಾಳಂತೆ. ನನ್ನ ಹಿಮೋಗ್ಲೋಬಿನ್ 11.4ಕ್ಕೆ ಬಂದಿದೆ, ಕೂದಲು ಉದುರುವುದು ನಿಂತಿದೆ, ತೂಕ 65. ಲೆಟ್ರೊಜೋಲಿನ ಎರಡನೇ ತಿಂಗಳು ನಡೆಯುತ್ತಿದೆ. ಮೊನ್ನೆ ಸ್ಕ್ಯಾನಿನಲ್ಲಿ ಎಡಗಡೆ 16 ಮಿಲಿಮೀಟರಿಗೆ ಬೆಳೆದ ಒಂದು ಫಾಲಿಕಲ್ ಕಾಣಿಸಿತು. ಗುರುವಾರ ಮತ್ತೆ ಬರಲು ಹೇಳಿದ್ದಾರೆ.