ಆರ್‌ವಿ ಬದುಕು ಪರಿಸರಸ್ನೇಹಿಯೇ? ಕೆಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಅಮೆರಿಕದಲ್ಲಿರುವ ನಾವು ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರು. ಅಪಾರ್ಟ್‌ಮೆಂಟಿನ ಬಾಡಿಗೆ ಕರಾರನ್ನು ಮುಂದುವರಿಸದೆ, ಸೆಕೆಂಡ್ ಹ್ಯಾಂಡ್ ಆರ್‌ವಿಯೊಂದನ್ನು (ರಿಕ್ರಿಯೇಷನಲ್ ವೆಹಿಕಲ್, ಅಂದರೆ ಅಡುಗೆ, ಹಾಸಿಗೆ, ಶೌಚದ ಅನುಕೂಲವಿರುವ ಮನೆಗಾಡಿ) ಕೊಂಡು ಅದರಲ್ಲೇ ಸಂಸಾರ ಹೂಡಿ ಕೆಲವು ವರ್ಷಗಳಾದವು. ಅಮೆರಿಕದಲ್ಲಿ ‘ಕ್ಲಾಸ್ ಸಿ’ ಎಂದು ಕರೆಯುವ, ಚಾಲಕನ ಆಸನದ ಮೇಲೆ ಅಟ್ಟದಂತೆ ಹಾಸಿಗೆ ಚಾಚಿಕೊಂಡಿರುವ ಮೋಟಾರ್‌ಹೋಮ್ ಇದು. ಈ ವರ್ಗದ ಬಹುಪಾಲು ಗಾಡಿಗಳಂತೆ ಫೋರ್ಡ್ ಇ-450 ಚಾಸಿಯ (ಅಡಿಚೌಕಟ್ಟಿನ) ಮೇಲೆ ಕಟ್ಟಿದ್ದು, ಪೆಟ್ರೋಲಿನಿಂದ ಓಡುತ್ತದೆ. ಛಾವಣಿಯ ಮೇಲೆ 400 ವಾಟ್ ಸೌರಫಲಕ, ಒಳಗೆ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಒಲೆಗೂ ಹೀಟರಿಗೂ ಪ್ರೊಪೇನ್ ಅನಿಲ. ಊರಿನವರೂ ಇಲ್ಲಿನ ಕನ್ನಡಿಗ ಗೆಳೆಯರೂ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ, ಈ ಬದುಕು ಪರಿಸರಕ್ಕೆ ಹಿತವೇ ಎಂಬುದು. ನಿಂತಿರುವಾಗ ಇದು ಅತ್ಯಂತ ಮಿತವ್ಯಯದ ಮನೆ, ಓಡುವಾಗ ಇಬ್ಬರನ್ನಷ್ಟೇ ಹೊತ್ತ ಲಾರಿ ಎಂಬುದು ನಮ್ಮ ಅನುಭವ. ಆದ್ದರಿಂದ ಗಾಡಿ ಎಷ್ಟು ದೂರ ಓಡುತ್ತದೆ ಎಂಬ ಒಂದೇ ಸಂಗತಿ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ.

ಮೊದಲು ಇಂಧನದ ಲೆಕ್ಕ ನೋಡೋಣ. ಈ ಗಾತ್ರದ ಗಾಡಿಗಳು ಗ್ಯಾಲನ್ನಿಗೆ (ಸುಮಾರು 3.8 ಲೀಟರ್) ಹೆಚ್ಚೂಕಡಿಮೆ ಹತ್ತು ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು ಕೊಡುತ್ತವೆ. ಎದುರುಗಾಳಿ ಮತ್ತು ಘಟ್ಟದ ಏರು ಸಿಕ್ಕರೆ ಅದೂ ಇಲ್ಲ. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ ಸುಮಾರು 8.9 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಉತ್ಸಾಹದಲ್ಲಿ ಒಂದು ವರ್ಷಕ್ಕೆ 15,000 ಮೈಲಿ ಓಡಿಸಿದರೆ 13 ಟನ್ನಿಗೂ ಮಿಕ್ಕಿದ ಹೊರಸೂಸುವಿಕೆಯಾಯಿತು. ಅಮೆರಿಕದ ಸಾಮಾನ್ಯ ಕಾರೊಂದು ವರ್ಷಕ್ಕೆ ಸುಮಾರು 4.6 ಟನ್ ಹೊರಸೂಸುತ್ತದೆ ಎಂಬುದು ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಹಾಗಾಗಿ ಕರಾವಳಿಯಿಂದ ಕರಾವಳಿಗೆ ಧಾವಿಸುತ್ತ, ಎರಡು ದಿನಕ್ಕೊಂದು ರಾಷ್ಟ್ರೀಯ ಉದ್ಯಾನವನ್ನು ‘ಮುಗಿಸುವ’ ಪ್ರವಾಸಕ್ಕೆ ಹಸಿರು ಬದುಕು ಎಂಬ ಹೆಸರು ಸಲ್ಲದು. ಅಂಥ ಪ್ರವಾಸವನ್ನು ಹೈಬ್ರಿಡ್ ಕಾರಿನಲ್ಲಿ ಮಾಡಿ, ರಾತ್ರಿ ಸಣ್ಣ ಹೋಟೆಲಿನಲ್ಲೋ ಗುಡಾರದಲ್ಲೋ ತಂಗುವುದು ಎಷ್ಟೋ ಮೇಲು. ಅದೇ ದಾರಿಗೆ ಐದನೆಯ ಒಂದು ಪಾಲು ಪೆಟ್ರೋಲ್ ಸಾಕಾಗುತ್ತದೆ.

ನಿಂತಾಗಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಅಮೆರಿಕದ ಸರಾಸರಿ ಮನೆಯೊಂದು ವರ್ಷಕ್ಕೆ ಸುಮಾರು 10,500 ಯೂನಿಟ್, ಅಂದರೆ ದಿನಕ್ಕೆ 29 ಯೂನಿಟ್ ವಿದ್ಯುತ್ ಬಳಸುತ್ತದೆ. ನಮ್ಮ ಫಲಕಗಳು ಅರಿಜೋನ ರಾಜ್ಯದ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಎರಡು ಯೂನಿಟ್ಟಿನ ಆಸುಪಾಸು ಕೊಡುತ್ತವೆ. ಫ್ರಿಜ್, ದೀಪ, ಫ್ಯಾನು, ನೀರಿನ ಪಂಪು, ಎರಡು ಲ್ಯಾಪ್‌ಟಾಪ್, ಉಪಗ್ರಹ ಇಂಟರ್‌ನೆಟ್ಟಿನ ಡಿಶ್ ಎಲ್ಲವೂ ಅಷ್ಟರಲ್ಲೇ ನಡೆಯಬೇಕು, ನಡೆಯುತ್ತವೆ ಕೂಡ. ಹೀಗೆ ಉಳಿಸಿದ 27 ಯೂನಿಟ್ಟನ್ನು ಅಮೆರಿಕದ ಗ್ರಿಡ್ಡಿನ ಸರಾಸರಿ ದರದಲ್ಲಿ ಇಂಗಾಲಕ್ಕೆ ಪರಿವರ್ತಿಸಿದರೆ ದಿನಕ್ಕೆ ಹತ್ತು ಕಿಲೋಗ್ರಾಂ ಬರುತ್ತದೆ. ಗಾಡಿಯನ್ನು ಹನ್ನೊಂದು ಹನ್ನೆರಡು ಮೈಲಿ ಓಡಿಸಿದರೆ ಆ ಹತ್ತು ಕಿಲೋಗ್ರಾಮೂ ಹೊಗೆಯಾಗಿ ಹೋಗುತ್ತದೆ. ಇಡೀ ದಿನ ದೀಪ ಆರಿಸಿ, ಫ್ಯಾನಿನ ವೇಗ ತಗ್ಗಿಸಿ ಗಳಿಸಿದ್ದು ಇಪ್ಪತ್ತು ನಿಮಿಷದ ಚಾಲನೆಯಲ್ಲಿ ಸಮವಾಗುತ್ತದೆ ಎಂದು ತಿಳಿದ ಮೇಲೆಯೇ ನಮ್ಮ ತಿರುಗಾಟದ ಲಯ ಬದಲಾದದ್ದು. ಈಗ ಒಂದು ಕಡೆ ಗಾಡಿ ನಿಲ್ಲಿಸಿದರೆ ಅಲ್ಲಿ ಇರಲು ಅನುಮತಿ ಇರುವಷ್ಟು ದಿನವೂ ಇರುತ್ತೇವೆ. ಪೇಟೆಯ ಸಣ್ಣಪುಟ್ಟ ಕೆಲಸಕ್ಕೆ ವಿದ್ಯುತ್ ಸೈಕಲ್ಲಿದೆ. ಅದರ ಬ್ಯಾಟರಿ ಛಾವಣಿಯ ಬಿಸಿಲಿನಿಂದಲೇ ತುಂಬುತ್ತದೆ.

ಈ ಲೆಕ್ಕಕ್ಕೆ ಒಂದು ಷರತ್ತಿದೆ, ಅದನ್ನು ಹಲವರು ಮರೆಯುತ್ತಾರೆ. ಊರಿನಲ್ಲೊಂದು ಮನೆಯನ್ನು ಹಾಗೆಯೇ ಇಟ್ಟುಕೊಂಡು, ಗ್ಯಾರೇಜಿನ ಫ್ರಿಜ್ಜನ್ನೂ ಹುಲ್ಲುಹಾಸಿನ ಸ್ಪ್ರಿಂಕ್ಲರನ್ನೂ ಓಡಲು ಬಿಟ್ಟು ಆರ್‌ವಿಯಲ್ಲಿ ಹೊರಟರೆ ಏನೂ ಉಳಿತಾಯವಾಗುವುದಿಲ್ಲ. ಒಂದು ಮನೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ, ಅಷ್ಟೇ.

ನೀರಿನ ವಿಷಯದಲ್ಲಿ ಮಾತ್ರ ನಾನು ಈ ಬದುಕನ್ನು ಮನಸಾರೆ ಹೊಗಳುತ್ತೇನೆ. ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಮನೆಯಲ್ಲಿ ದಿನಕ್ಕೆ ಸರಾಸರಿ 82 ಗ್ಯಾಲನ್, ಸುಮಾರು 310 ಲೀಟರ್ ನೀರು ಬಳಸುತ್ತಾನೆ. ನಮ್ಮ ಟ್ಯಾಂಕು ಹಿಡಿಯುವುದೇ ಸುಮಾರು 170 ಲೀಟರ್, ಅದು ಇಬ್ಬರಿಗೆ ನಾಲ್ಕೈದು ದಿನ ಬರುತ್ತದೆ. ಷವರ್ ಬಿಟ್ಟು ಬಕೆಟ್ಟು ಚೊಂಬಿನ ಸ್ನಾನಕ್ಕೆ ಮರಳಿದ್ದೇವೆ. ಬಿಸಿನೀರು ಬರುವವರೆಗೆ ನಲ್ಲಿಯಿಂದ ಸುರಿಯುವ ತಣ್ಣೀರನ್ನು ಅದೇ ಬಕೆಟ್ಟಿನಲ್ಲಿ ಹಿಡಿಯುತ್ತೇವೆ. ನೀರು ಉಳಿಸಲೆಂದು ಅನೇಕರು ಮೂರು ಹೊತ್ತೂ ಕಾಗದದ, ಫೋಮಿನ ತಟ್ಟೆಗಳಲ್ಲಿ ಉಂಡು ಚೀಲಗಟ್ಟಲೆ ಕಸ ಎಸೆಯುವುದನ್ನು ಕಾಣುತ್ತೇವೆ, ನೋಡಿ ಸಂಕಟವಾಗುತ್ತದೆ. ಸ್ಟೀಲಿನ ತಟ್ಟೆಯನ್ನು ಒರೆಸಿ ತೊಳೆದರೆ ಒಂದು ಲೋಟ ನೀರು ಸಾಕು. 2021ರಲ್ಲಿ, ಅರಿಜೋನಕ್ಕೂ ನೀರುಣಿಸುವ ಕೊಲರಾಡೊ ನದಿಗೆ ಇತಿಹಾಸದಲ್ಲೇ ಮೊದಲ ಬಾರಿ ಅಧಿಕೃತವಾಗಿ ನೀರಿನ ಕೊರತೆ ಘೋಷಣೆಯಾಯಿತು. ಮರುವರ್ಷ ಅದೇ ನದಿಯ ಅಣೆಕಟ್ಟಿನ ಜಲಾಶಯವಾದ ಮೀಡ್ ಸರೋವರದ ದಂಡೆಯ ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟದ ಬಿಳಿ ಪಟ್ಟೆ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಕಂಡವರು ನಲ್ಲಿಯನ್ನು ಸುಮ್ಮನೆ ತೆರೆದಿಡಲಾರರು.

ಗಾಡಿಯ ದೊಡ್ಡ ದೌರ್ಬಲ್ಯ ಅದರ ಗೋಡೆಗಳು. ಒಂದೂವರೆ ಎರಡು ಇಂಚು ದಪ್ಪದ ಗೋಡೆ, ಒಂಟಿ ಗಾಜಿನ ಕಿಟಕಿ ಇವು ಚಳಿಯನ್ನೂ ತಡೆಯವು, ಸೆಕೆಯನ್ನೂ ತಡೆಯವು. ಗಂಟೆಗೆ 30,000 ಬಿಟಿಯು (ಶಾಖದ ಒಂದು ಅಳತೆ) ಸಾಮರ್ಥ್ಯದ ಹೀಟರು ಮೂರು ಗಂಟೆ ಎಡೆಬಿಡದೆ ಉರಿದರೆ ಒಂದು ಗ್ಯಾಲನ್ ಪ್ರೊಪೇನ್ ಖಾಲಿಯಾಗುತ್ತದೆ. ಹಿಮ ಬೀಳುವ ರಾತ್ರಿಯಲ್ಲಿ ಅದು ಆರುವುದೇ ಅಪರೂಪ. ಬೇಸಿಗೆಯಲ್ಲಿ ಛಾವಣಿಯ ಎ.ಸಿ.ಯನ್ನು ನಮ್ಮ ಸೌರಫಲಕಗಳು ಹೊರಲಾರವು. ಜನರೇಟರ್ ಹಚ್ಚಿದರೆ ಗಂಟೆಗೆ ಅರ್ಧ ಗ್ಯಾಲನ್ ಪೆಟ್ರೋಲ್, ಜೊತೆಗೆ ನೆರೆಹೊರೆಯ ಕಿವಿಗೆ ಹಿಂಸೆ. ನೀರು, ವಿದ್ಯುತ್, ಒಳಚರಂಡಿ ಮೂರರ ಸಂಪರ್ಕವೂ ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ಬೇಸಿಗೆ ಕಳೆಯುವವರ ಎ.ಸಿ. ಹಗಲು ರಾತ್ರಿ ಓಡುತ್ತಿರುತ್ತದೆ. ಅಲ್ಲಿ ಆರ್‌ವಿ ಎಂದರೆ ಉಷ್ಣನಿರೋಧನೆ ಕಳಪೆಯಾದ ಪುಟ್ಟ ಅಪಾರ್ಟ್‌ಮೆಂಟ್ ಅಷ್ಟೇ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಎತ್ತರವನ್ನು ಬಳಸಿಕೊಳ್ಳುವುದು. ಚಳಿಗಾಲದಲ್ಲಿ ಅರಿಜೋನದ ಕ್ವಾರ್ಟ್ಸ್‌ಸೈಟ್ ಬಳಿಯ ಮರುಭೂಮಿ, ಸಮುದ್ರಮಟ್ಟದಿಂದ ಬರಿ 270 ಮೀಟರ್ ಎತ್ತರ. ಅಲ್ಲಿನ ಲಾ ಪೋಸಾ ಪ್ರದೇಶದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗಲು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆ ಪರವಾನಗಿ ಕೊಡುತ್ತದೆ. ಕುಡಿಯುವ ನೀರೂ ಕೊಳೆನೀರು ಸುರಿಯುವ ಡಂಪ್ ಸ್ಟೇಷನ್ನೂ ಅಲ್ಲೇ ಇವೆ. ಬೇಸಿಗೆ ಏರುತ್ತಿದ್ದಂತೆ ಫ್ಲಾಗ್‌ಸ್ಟಾಫ್ ಸುತ್ತಣ ಪೈನ್ ಕಾಡು, ಅದು 2,100 ಮೀಟರ್ ಎತ್ತರದ್ದು. ಎರಡೂ ಒಂದೇ ರಾಜ್ಯದಲ್ಲಿವೆ, ಒಂದು ದಿನದ ದಾರಿ. ಉತ್ತರ ದಕ್ಷಿಣವಾಗಿ ಸಾವಿರಾರು ಮೈಲಿ ವಲಸೆ ಹೋಗುವ ಬದಲು ಬೆಟ್ಟ ಹತ್ತಿ ಇಳಿದರೆ ಹೀಟರೂ ಎ.ಸಿ.ಯೂ ಬಹುಪಾಲು ಬಿಡುವಾಗುತ್ತವೆ. ಕಾಡಿನಲ್ಲಿ ಒಂದೇ ಕಡೆ ಹದಿನಾಲ್ಕು ದಿನ ಮೀರಿ ಇರುವಂತಿಲ್ಲವಾದ್ದರಿಂದ ಆಗಾಗ ಜಾಗ ಬದಲಿಸಬೇಕು, ಆದರೆ ಆ ಸರಿದಾಟ ಅಲ್ಪ ದೂರದ್ದು. ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಂಥ ಕಡೆ ಗಾಡಿಯನ್ನು ಕ್ಯಾಂಪ್‌ಗ್ರೌಂಡಿನಲ್ಲೇ ಬಿಟ್ಟು ಬಸ್ಸು ಹತ್ತಬಹುದು. 2000ದಲ್ಲಿ ಆರಂಭವಾದ ಅಲ್ಲಿನ ಬಸ್ ಸೇವೆ ಈಗ ಪೂರ್ತಿ ವಿದ್ಯುತ್ ಬಸ್ಸುಗಳದ್ದು.

ಕೊಳೆಯ ವಿಚಾರವನ್ನು ಮುಜುಗರವಿಲ್ಲದೆ ಹೇಳಬೇಕು. ಶೌಚದ ಟ್ಯಾಂಕಿಗೆ ಹಾಕುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ವಾಸನೆ ಅಡಗುತ್ತದೆ ನಿಜ, ಆದರೆ ಗ್ರಾಮೀಣ ಡಂಪ್ ಸ್ಟೇಷನ್ನುಗಳ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತದೆ. ಕಿಣ್ವ ಆಧಾರಿತ ಪುಡಿಯಿಂದಲೇ ನಮ್ಮ ಕೆಲಸ ನಡೆಯುತ್ತದೆ. ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಬಿಡುವ ಅಭ್ಯಾಸವೂ ಅಲ್ಲಲ್ಲಿ ಕಾಣುತ್ತದೆ. ಸೋಪು, ಎಣ್ಣೆಜಿಡ್ಡು, ಅನ್ನದ ಅಗುಳು ಸೇರಿ ಇಲಿ ಹೆಗ್ಗಣಗಳಿಗೆ ಆಹ್ವಾನ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ನೆಲದ ಗಾಯ. ಯೂಟಾದ ಮೋವಬ್ ಸುತ್ತಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಹರಡಿರುವ ಹೊದಿಕೆ ಬರಿ ಮಣ್ಣಲ್ಲ. ಸಯನೊಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಹೆಣೆದ ಜೀವಂತ ಪದರ ಅದು. ಮರಳನ್ನು ಗಾಳಿಗೆ ಹಾರದಂತೆ ಹಿಡಿದಿಡುವುದೂ, ಮಣ್ಣಿಗೆ ಸಾರಜನಕ ಸೇರಿಸುವುದೂ ಅದರ ಕೆಲಸ. ಒಂದು ಗಾಲಿ ಅದರ ಮೇಲೆ ಹಾದುಹೋದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಏಕಾಂತದ ಆಸೆಗೆ ಹೊಸ ಹಾದಿ ಕೊರೆಯದೆ, ಮೊದಲೇ ಗಾಡಿ ನಿಂತು ಗಟ್ಟಿಯಾದ ಜಾಗದಲ್ಲೇ ನಿಲ್ಲಿಸಬೇಕು.

ಕೊನೆಗೆ ಕೊಳ್ಳುವ ಮಾತು. ಅಮೆರಿಕದ ಬಹುಪಾಲು ಆರ್‌ವಿಗಳು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಕೋವಿಡ್ ಕಾಲದ ಬೇಡಿಕೆಯಿಂದಾಗಿ 2021ರಲ್ಲಿ ಆರು ಲಕ್ಷ ಆರ್‌ವಿಗಳು ಹೊರಬಂದವು. ಗೋಡೆ ನೆಲಗಳಿಗೆ ವ್ಯಾಪಕವಾಗಿ ಬಳಸುವ ಹಗುರವಾದ ಲುವಾನ್ ಪ್ಲೈವುಡ್ ಆಗ್ನೇಯ ಏಷ್ಯಾದ ಉಷ್ಣವಲಯದ ಕಾಡಿನ ಮರದ್ದು. ಪಶ್ಚಿಮ ಘಟ್ಟದ ಮಡಿಲಿನಿಂದ ಬಂದ ನನಗೆ ಈ ಒಂದು ಸಂಗತಿಯೇ ಹೊಸ ಗಾಡಿಯ ಆಸೆ ಬಿಡಿಸಿತು. ವರ್ಷಕ್ಕೆ ಎರಡು ವಾರದ ರಜೆಗೆ ಬೇಕಾದರೆ ಬಾಡಿಗೆಗೆ ತೆಗೆದುಕೊಳ್ಳಿ. ಅದರಲ್ಲೇ ವಾಸಿಸುವ ನಿರ್ಧಾರವಿದ್ದರೆ ಹಳೆಯದನ್ನೇ, ಅಗತ್ಯಕ್ಕಿಂತ ಒಂದಡಿಯೂ ಉದ್ದವಿಲ್ಲದ್ದನ್ನು ನೋಡಿ. ಛಾವಣಿಯ ಮೂಲೆಗಳನ್ನೂ ಕಿಟಕಿಯ ಅಂಚುಗಳನ್ನೂ ಕೈಯಿಂದ ಒತ್ತಿ ಪರೀಕ್ಷಿಸಿ. ಮೆತ್ತಗಿದ್ದರೆ ನೀರು ಒಳಗಿಳಿದು ಮರ ಕೊಳೆತಿದೆ ಎಂದರ್ಥ, ಅಂಥ ಗಾಡಿ ಬೇಗನೆ ಗುಜರಿ ಸೇರುತ್ತದೆ. ಟೈರುಗಳು ಸವೆಯದಿದ್ದರೂ ಆರೇಳು ವರ್ಷಕ್ಕೆ ರಬ್ಬರು ಬಿರಿಯತೊಡಗುವುದರಿಂದ, ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳ ನಂತರ ಅಚ್ಚಾಗಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ. ಮೊದಲೆರಡು ತಯಾರಾದ ವಾರ, ನಂತರದ ಎರಡು ವರ್ಷ. ತೀರ ಹಳೆಯವಾಗಿದ್ದರೆ ಹೊಸ ಟೈರುಗಳ ಖರ್ಚನ್ನು ಗಾಡಿಯ ಬೆಲೆಯಿಂದ ಕಳೆಯಿಸಿಕೊಳ್ಳಿ.