ಹಾಸಿಗೆ ಹಿಡಿದವರ ಕಾವಲಿಗೆ: ಕ್ಯಾಮೆರಾ, ಆಕ್ಸಿಮೀಟರ್, ಹಾಸಿಗೆಯಡಿಯ ಸೆನ್ಸರ್
ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ತಪ್ಪಿ ನನ್ನ ತಾಯಿಯವರು ಹಾಸಿಗೆ ಹಿಡಿದ ಮೇಲೆ, ಹಗಲು ನಾನು ಕೆಲಸದಲ್ಲಿರುವಾಗಲೂ ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗಿರುವಾಗಲೂ ಅವರ ಸ್ಥಿತಿ ತಿಳಿಯುತ್ತಿರಲೆಂದು ಮೂರು ಸಾಧನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಮೊದಲು ತಂದದ್ದು ಕ್ಯಾಮೆರಾ. ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನ ನೆರವಿನಿಂದ ಅದು ಕತ್ತಲಲ್ಲೂ ಕಾಣುತ್ತದೆ, ಅದರ ಮೂಲಕ ಮಾತನಾಡಲೂ ಬಹುದು. ನನ್ನ ದನಿ ಕೇಳಿದೊಡನೆ ತಾಯಿಯವರ ಕಳವಳ ಇಳಿಯುತ್ತಿತ್ತು. ಆದರೆ ಹೊದಿಕೆಯ ಕೆಳಗೆ ಉಸಿರಾಟ ಹೇಗಿದೆಯೆಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಬಟ್ಟೆ ಬದಲಿಸುವ ಹೊತ್ತಿನಲ್ಲಿ ಅವರು ಆಡುವ ಬಲಗೈಯಿಂದ ಹೊದಿಕೆಯನ್ನು ಮುಖದವರೆಗೆ ಎಳೆದುಕೊಳ್ಳುತ್ತಿದ್ದುದನ್ನು ನಾನು ತಡವಾಗಿ ಗಮನಿಸಿದೆ. ಅವರನ್ನು ಮೊದಲೇ ಕೇಳಬೇಕಿತ್ತು. ಅಂದಿನಿಂದ ಶುಚಿಗೊಳಿಸುವಾಗ ಕ್ಯಾಮೆರಾ ಮುಚ್ಚಿರುತ್ತದೆ.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಇಡೀ ರಾತ್ರಿಯ ಕಾವಲಿಗೆ ಒಗ್ಗಲಿಲ್ಲ. ಬೆರಳು ತಣ್ಣಗಾದರೆ, ಕೈ ಅಲುಗಿದರೆ ಅಂಕಿ ತಪ್ಪುತ್ತದೆ. ಎಚ್ಚರಿಕೆಯ ಸದ್ದಿಗೆ ಓಡಿಹೋದಾಗಲೆಲ್ಲ ಕ್ಲಿಪ್ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ಸ್ಪರ್ಶಜ್ಞಾನವಿಲ್ಲದ ಬೆರಳನ್ನು ಅದು ಗಂಟೆಗಟ್ಟಲೆ ಒತ್ತುತ್ತಿರುವುದೂ ಸರಿಯಲ್ಲ. ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕದ ಪ್ರಮಾಣವನ್ನು ಅದು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದೆಂಬುದನ್ನೂ ನೆನಪಿಡಬೇಕು. ಬೆಳಿಗ್ಗೆ, ಸಂಜೆ ಒಮ್ಮೊಮ್ಮೆ ನೋಡಿ ಬರೆದಿಡಲು ಅದು ಸಾಕು.

ನನ್ನ ಮೆಚ್ಚುಗೆ ಗಳಿಸಿದ್ದು ಹಾಸಿಗೆಯಡಿ ಇಡುವ ಸೆನ್ಸರ್ ಪಟ್ಟಿ. ಪ್ರತಿ ಬಡಿತದಲ್ಲಿ ಹೃದಯವು ರಕ್ತವನ್ನು ಚಿಮ್ಮಿಸಿದಾಗ ದೇಹದಲ್ಲಿ ಏಳುವ ಅತಿ ಸೂಕ್ಷ್ಮ ಕಂಪನವನ್ನೂ ಎದೆಯ ಏರಿಳಿತವನ್ನೂ ಅದು ಹಾಸಿಗೆಯ ಮೂಲಕವೇ ಗ್ರಹಿಸುತ್ತದೆ. ಮೈಗೆ ಏನನ್ನೂ ಅಂಟಿಸಬೇಕಿಲ್ಲ, ಮಾನಕ್ಕೆ ಧಕ್ಕೆಯಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ. ತಾಯಿಯವರದು 16ರ ಆಸುಪಾಸಿನಲ್ಲಿರುತ್ತಿತ್ತು. ಸತತ ಎರಡು ರಾತ್ರಿ ಅದು 24ಕ್ಕೆ ಏರಿದ್ದನ್ನು ಕಂಡು ವೈದ್ಯರನ್ನು ಕರೆಸಿದಾಗ, ಜ್ವರ ಕಾಣಿಸಿಕೊಳ್ಳುವ ಮೊದಲೇ ಎದೆಯ ಸೋಂಕು ಪತ್ತೆಯಾಯಿತು. ಕ್ಯಾಮೆರಾದಿಂದ ಇದು ಆಗುತ್ತಿರಲಿಲ್ಲ.

ಆದರೆ ಕೆಲವು ವಾರಗಳ ಬಳಿಕ ಬೆನ್ನಿನ ಬುಡದಲ್ಲಿ, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಗುರುತು ಕಾಣಿಸಿತು. ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ವೈದ್ಯರ ಸಲಹೆಯಂತೆ, ಪಂಪಿನ ನೆರವಿನಿಂದ ಗಾಳಿಯ ಕೊಳವೆಗಳು ಸರದಿಯಂತೆ ಉಬ್ಬಿ ಇಳಿದು ಒತ್ತಡದ ಜಾಗವನ್ನು ಬದಲಿಸುತ್ತಿರುವ ಗಾಳಿಹಾಸಿಗೆಯನ್ನು ಹಾಕಿದೆವು. ಅಂದಿನಿಂದ ಸೆನ್ಸರ್ ದಿಕ್ಕುತಪ್ಪಿತು: ಪಂಪಿನ ಕಂಪನವೂ ಕೊಳವೆಗಳ ಏರಿಳಿತವೂ ಬೆರೆತು, ನಿಶ್ಚಲವಾಗಿ ಮಲಗಿದ್ದವರು ಹೊರಳುತ್ತಿದ್ದಾರೆಂದು ಅದು ತೋರಿಸುತ್ತಿತ್ತು. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದಾಗ ನಾನು ಗಾಳಿಹಾಸಿಗೆಯನ್ನು ಆರಿಸಿದೆ, ಏಕೆಂದರೆ ಸೆನ್ಸರ್ ಸುದ್ದಿಯನ್ನಷ್ಟೇ ಕೊಡುತ್ತದೆ, ಗಾಳಿಹಾಸಿಗೆ ಚರ್ಮವನ್ನು ಕಾಪಾಡುತ್ತದೆ. ಗಾಳಿಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ನಮ್ಮಲ್ಲಿ ಅದು ಎರಡು ಗಂಟೆಗೊಮ್ಮೆ ನಡೆಯುತ್ತದೆ, ಹಗಲು ಅದು ಸಮಯಕ್ಕೆ ಆಯಿತೇ ಎಂದು ನೋಡಲು ಈಗ ಕ್ಯಾಮೆರಾ ನೆರವಾಗುತ್ತಿದೆ.

ಸಾಮಾನ್ಯ ಫೋಮ್ ಹಾಸಿಗೆಯಲ್ಲೇ ರೋಗಿ ಮಲಗುವ ಮನೆಯವರಿಗೆ ನಾನು ಸೆನ್ಸರನ್ನೇ ಮೊದಲು ಸೂಚಿಸುತ್ತೇನೆ. ಕೊಳ್ಳುವ ಮುನ್ನ, ಇಂಟರ್‌ನೆಟ್ ಕಡಿದರೂ ಅದು ಮನೆಯೊಳಗೆ ಎಚ್ಚರಿಕೆಯ ಸದ್ದು ಮಾಡುತ್ತದೆಯೇ, ಮುಂದೆ ಗಾಳಿಹಾಸಿಗೆ ಬೇಕಾದರೆ ಅದರೊಡನೆ ಕೆಲಸ ಮಾಡುತ್ತದೆಯೇ ಎಂದು ಕೇಳಿ ತಿಳಿಯಬೇಕು. ಈ ಎರಡನೆಯ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.